ನಮ್ಮ ಕುರು

ಭಾವ ನನ್ನ ಹಾಳೆಗಳನ್ನು ಎರಡೇ ಬೆರಳಲ್ಲಿ ಹಿಡಿದುಕೊಂಡು ಅಡುಗೆಮನೆಯ ಬಾಗಿಲವರೆಗೆ ಬಂದರು. ಒಳಗೆ ಬರಲಿಲ್ಲ. ಅಡುಗೆಮನೆಗೆ ಅಂಟಿಕೊಂಡ ಕೋಣೆಯಲ್ಲಿ ಅತ್ತೆ ಮಲಗಿರುತ್ತಾರೆ. ಅವರನ್ನು ಹೆತ್ತ ತಾಯಿ. ಆದರೂ ಆ ಹೊಸ್ತಿಲಿನ ಹತ್ತಿರ ಬಂದಾಗಲೆಲ್ಲ ಭಾವನ ಎಡಗೈ ತಾನಾಗಿಯೇ ಕರ್ಚೀಫು ಹುಡುಕುತ್ತದೆ.

"ಓದ್ದೆ ಅಮ್ಮಿಣಿ. ಚೆನ್ನಾಗೇ ಬರ್ದಿದೀಯ. ಆದ್ರೆ ಇದೆಲ್ಲಾ ಬೇಡ."

ನಾಲ್ಕು ಪುಟ ಬರೆದಿದ್ದೆ. ಮೂರು ಪುಟಗಳ ಮೇಲೆ ಮೂಲೆಯಿಂದ ಮೂಲೆಗೆ ಕೆಂಪು ಗೀಟು ಎಳೆದಿತ್ತು.

"ಯಾಕೆ ಭಾವ, ಸುಳ್ಳೇನಾದ್ರೂ ಇದ್ಯಾ?"

"ಸುಳ್ಳು ಅಂತ ಯಾರ್ ಹೇಳಿದ್ರು? ಅಸಿಂಗ. ನಾಲ್ಕ್ ಜನ ಓದೋ ಮಲರ್ ಇದು. ನಮ್ ಸಮಾಜದ್ ಸಂಘದೋರು ನೋಡ್ತಾರೆ, ನನ್ ಕಂಪನಿಗೆ ಬರೋರು ನೋಡ್ತಾರೆ. ಅಪ್ಪ ಹೆಡ್‌ಮಾಸ್ಟರ್ ಆಗಿದ್ದೋರು. ಅವ್ರು ಅಮ್ಮನ ಬಟ್ಟೆ ಒಗ್ದ್ರು, ಬೆಡ್‌ಪ್ಯಾನ್ ಎತ್ತಿದ್ರು ಅಂತ ಅಚ್ಚು ಹಾಕ್ಸಿ ಹಂಚಕ್ಕಾಗತ್ತಾ?"

ಮಲರ್ ಎಂದರೆ ನೆನಪಿನ ಪುಸ್ತಕ. ಮಾವ ತೀರಿಕೊಂಡು ತಿಂಗಳು ತುಂಬುವ ದಿನ ಅವರ ಫೋಟೋ ತೆರೆಯುವ ಸಭೆ, ನಮ್ಮ ಕಡೆ ಅದಕ್ಕೆ ಪಡತಿರಪ್ಪು ಅನ್ನುತ್ತಾರೆ, ಅದರಲ್ಲಿ ಹಂಚಲಿಕ್ಕೆಂದು ಭಾವ ಈ ಪುಸ್ತಕ ಮಾಡಿಸುತ್ತಿದ್ದರು. 'ಒಳ್ಳೆಯ ಶಿಕ್ಷಕ, ಒಳ್ಳೆಯ ಕುಟುಂಬಸ್ಥ' ಎಂಬ ತಲೆಬರಹ ಕೊಟ್ಟು, ಮನೆಯಲ್ಲಿ ಜೊತೆಗಿದ್ದವಳು ನೀನೇ, ನೀನೇ ಬರೆ ಎಂದು ಹೇಳಿದ್ದವರೂ ಅವರೇ.

ಅಸಿಂಗ ಎಂಬ ಆ ತಮಿಳು ಮಾತಿಗೆ ನಮ್ಮ ಮನೆಗಳಲ್ಲಿ ಎರಡು ಅರ್ಥ. ಮೈಯಿಂದ ಹೊರಬರುವ ಹೇಸಿಗೆಯೂ ಅಸಿಂಗವೇ, ನಾಲ್ಕು ಜನರ ಮುಂದೆ ತಲೆತಗ್ಗಿಸುವ ಕೆಲಸವೂ ಅಸಿಂಗವೇ. ಮಾವ ಒಂಬತ್ತು ವರ್ಷ ಮೊದಲನೆಯದನ್ನು ಕೈಯಾರೆ ತೊಳೆದರು. ಭಾವ ಅದನ್ನು ಎರಡನೆಯದಕ್ಕೆ ಸೇರಿಸಿ ಒಂದು ಗೀಟು ಎಳೆದರು.

ನಾನು ಬರೆದದ್ದು ತಮಿಳಿನಲ್ಲಿ. ಈಗ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಭಾವನಿಗೆ ಕನ್ನಡ ಓದಲು ಬರುವುದಿಲ್ಲ.

ನನಗೂ ಬರುತ್ತಿರಲಿಲ್ಲ. ನಮ್ಮದು ಅವಿನಾಶಿ ಕಡೆಯ ನೇಕಾರರ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡಕ್ಕೂ ಅಕ್ಷರ ಇದೆ ಎಂಬುದೇ ಮದುವೆಯಾಗಿ ಕಿಣತ್ತುಕಡವಿಗೆ ಬರುವತನಕ ನನಗೆ ಸರಿಯಾಗಿ ತಿಳಿದಿರಲಿಲ್ಲ. ಮಾವ ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿನಿಂದ ಹಿಡಿದು ಲೆಕ್ಕ ಹೇಳಿಕೊಟ್ಟು, ಹೆಡ್‌ಮಾಸ್ಟರ್ ಆಗಿ ಮುಗಿಸಿದವರು. ರಿಟೈರ್ ಆದ ವಾರವೇ ಕೊಳ್ಳೇಗಾಲದ ಬಸ್ಸು ಹತ್ತಿ, ಒಂದನೇ ತರಗತಿಯ ಕನ್ನಡ ಪುಸ್ತಕ ಕೊಂಡು ತಂದರಂತೆ. ನಾನು ಸೊಸೆಯಾಗಿ ಬಂದಾಗ, "ಬಾ ಅಮ್ಮಿಣಿ, ನಾನೂ ಈಗ್ಲೇ ಕಲೀತಿದೀನಿ, ಒಬ್ನೇ ಕೂತ್ರೆ ನಿದ್ದೆ ಬರತ್ತೆ" ಎಂದು ಅಡುಗೆಮನೆಯ ಕಟ್ಟೆಯ ಮೇಲೆ ಸ್ಲೇಟು ಇಟ್ಟರು. ಸಾಂಬಾರು ಕುದಿಯುವ ಹೊತ್ತಿಗೆ ನಾಲ್ಕು ಅಕ್ಷರ, ಅನ್ನ ಬಸಿಯುವ ಹೊತ್ತಿಗೆ ಎರಡು. ಹಾಗೆ ಕಲಿತೆ. ಮುಂದೆ ನನ್ನ ಮಗಳು ಇಲಕ್ಕಿಯಾಳಿಗೂ ಅದೇ ಸ್ಲೇಟಿನಲ್ಲಿ ಕಲಿಸಿದರು.

ತಪ್ಪು ಬರೆದರೆ ಅವರು ತಪ್ಪು ಅನ್ನುತ್ತಿರಲಿಲ್ಲ. ಗೀಟು ಎಳೆಯುತ್ತಿರಲಿಲ್ಲ. ತಪ್ಪಾದ ಅಕ್ಷರದ ಪಕ್ಕ ಒಂದು ಸಣ್ಣ ಚುಕ್ಕಿ ಇಟ್ಟು ಸುಮ್ಮನೆ ಕಾಯುತ್ತಿದ್ದರು. ಶಾಲೆಯಲ್ಲೂ ಹಾಗೆಯೇ. ಎಲ್ಲಿ ತಪ್ಪಾಯಿತೆಂದು ಹುಡುಗರೇ ಹುಡುಕಬೇಕು. ಆ ಚುಕ್ಕಿಗೆ ಹೆದರಿಕೆ ಹುಟ್ಟಿಸುವ ಶಕ್ತಿ ಇರಲಿಲ್ಲ, ಆದರೆ ಅದನ್ನು ಬಿಟ್ಟು ಮುಂದಿನ ಲೆಕ್ಕಕ್ಕೆ ಹೋಗಲೂ ಆಗುತ್ತಿರಲಿಲ್ಲ.

ಗೀಟು ಬಿದ್ದ ಆ ಮೂರು ಪುಟಗಳಲ್ಲಿ ಇದ್ದದ್ದು ಇಷ್ಟು.

ಒಂಬತ್ತು ವರ್ಷದ ಹಿಂದೆ ಒಂದು ಬೆಳಿಗ್ಗೆ ಅತ್ತೆ ಜಾನಕಿಯಮ್ಮ ಕರಿಬೇವು ಬಿಡಿಸುತ್ತಾ ಕುಳಿತಲ್ಲೇ ವಾಲಿಬಿಟ್ಟರು. ಬಲಗಡೆ ಪೂರ್ತಿ ಹೋಯಿತು. ಮಾತೂ ಹೋಯಿತು. ಉಳಿದದ್ದು ಒಂದೇ ಮಾತು, "ಏನುಂಗ." ನಮ್ಮ ಕಡೆ ಹೆಂಗಸರು ಗಂಡನನ್ನು ಕರೆಯುವ ಮಾತು ಅದು. ನೀರು ಬೇಕಾದರೂ ಏನುಂಗ, ಬೆನ್ನು ತುರಿಸಿದರೂ ಏನುಂಗ, ಹಾಸಿಗೆ ಒದ್ದೆಯಾದರೂ ಏನುಂಗ. ಮಾವ ಎಲ್ಲಿದ್ದರೂ "ಇದೀನಿ, ಇದೀನಿ" ಎಂದು ಬರುತ್ತಿದ್ದರು. ಯಾವ ಏನುಂಗಕ್ಕೆ ಏನು ಅರ್ಥ ಎಂಬುದು ಅವರಿಗೆ ದನಿಯಲ್ಲೇ ತಿಳಿಯುತ್ತಿತ್ತು.

ಮೊದಲ ವಾರ ನಾನು ಸೊಸೆಯೆಂದು ಮುಂದೆ ಹೋದೆ. ಬಟ್ಟೆ ಬಿಚ್ಚಿದೊಡನೆ ವಾಸನೆಗೆ ತಡೆಯಲಾರದೆ ಅಲ್ಲೇ ನೆಲದ ಮೇಲೆ ವಾಂತಿ ಮಾಡಿಕೊಂಡೆ. ಆಗ ಇಲಕ್ಕಿಯಾ ಎರಡು ವರ್ಷದ ಮಗು. ಮಾವ ಬಂದು ಮೊದಲು ಅತ್ತೆಯನ್ನು ತೊಳೆದು ಒರೆಸಿ ಮಲಗಿಸಿದರು, ಆಮೇಲೆ ನನ್ನ ವಾಂತಿಯನ್ನೂ ತೊಳೆದರು. ನಾನು ಅಳುತ್ತಾ ನಿಂತಿದ್ದೆ.

"ಯಾಕೆ ಅಳ್ತೀಯ? ಒಂದನೇ ಕ್ಲಾಸ್ ವಾದ್ಯಾರ್‌ಗೆ ಇದೆಲ್ಲಾ ದಿನದ್ ಕೆಲ್ಸ. ನೀನ್ ಹೋಗಿ ಮಜ್ಜಿಗೆ ಕುಡಿ."

ಅಂದಿನಿಂದ ಆ ಕೆಲಸವನ್ನು ಅವರು ಯಾರಿಗೂ ಬಿಡಲಿಲ್ಲ. ಬೀರುವಿನ ಬಾಗಿಲ ಒಳಗಡೆ ಒಂದು ಟೈಂಟೇಬಲ್ ಅಂಟಿಸಿದರು. ಶಾಲೆಯದರಂತೆಯೇ, ಸ್ಕೇಲು ಇಟ್ಟು ಎಳೆದ ಎಂಟು ಮನೆ. ಒಂದೊಂದು ಸಲ ಹೊರಳಿಸುವುದಕ್ಕೂ ಪೀರಿಯಡ್ ಎಂದು ಹೆಸರು. ಮೊದಲನೆಯ ಪೀರಿಯಡ್ ಎಡಗಡೆ, ಎರಡನೆಯದು ಬೆನ್ನು, ಮೂರನೆಯದು ಬಲಗಡೆ, ಅದೂ ಅರ್ಧ ಪೀರಿಯಡ್ ಮಾತ್ರ. ಬಲಗಡೆಗೆ ಅರಿವಿಲ್ಲ, ನೋವಾದರೂ ಅತ್ತೆಗೆ ತಿಳಿಯುವುದಿಲ್ಲ, ಅಲ್ಲಿ ಹೆಚ್ಚು ಹೊತ್ತು ಮಲಗಿಸಿದರೆ ಚರ್ಮ ಕೆಡುತ್ತದೆ ಎನ್ನುತ್ತಿದ್ದರು. ಬೆಲ್ ಹೊಡೆಯುವ ಕೆಲಸ ಇಲಕ್ಕಿಯಾಳದು. ನಡೆಯಲು ಕಲಿತ ಕಾಲಿನಲ್ಲೇ ಬಂದು, ಸ್ಟೀಲ್ ಲೋಟಕ್ಕೆ ಚಮಚದಿಂದ ಟಣ್ ಟಣ್ ಎಂದು ಬಡಿಯುತ್ತಿದ್ದಳು. ದೊಡ್ಡವಳಾದ ಮೇಲೂ, ಶಾಲೆ ಇಲ್ಲದ ದಿನಗಳಲ್ಲೆಲ್ಲ ಬೆಲ್ ಅವಳದೇ. ಸೀರೆ, ಲಂಗ, ಹಾಸಿಗೆಯ ಬಟ್ಟೆ, ಎಲ್ಲವನ್ನೂ ಮಾವ ಹಿತ್ತಲಿನ ಕಲ್ಲಿನ ಮೇಲೆ ತಾವೇ ಒಗೆಯುತ್ತಿದ್ದರು. ಅವರ ಕೈಗೆ ಯಾವಾಗಲೂ ಕೆಂಪು ಸೋಪಿನ ವಾಸನೆ. ಮಧ್ಯಾಹ್ನ ಅತ್ತೆಯ ತಲೆ ಬಾಚಿ ಜಡೆ ಹಾಕುತ್ತಿದ್ದರು. ಮೂರೆಳೆ ಸಮನಾಗಿ ಬರದಿದ್ದರೆ ಬಿಚ್ಚಿ ಮತ್ತೆ ಹಾಕುತ್ತಿದ್ದರು.

ಒಂಬತ್ತು ವರ್ಷದಲ್ಲಿ ಅತ್ತೆಯ ಮೈಮೇಲೆ ಒಂದೇ ಒಂದು ಹುಣ್ಣು ಆಗಲಿಲ್ಲ. ಪೊಳ್ಳಾಚಿಯಿಂದ ಬರುತ್ತಿದ್ದ ನರ್ಸಮ್ಮ ಇದನ್ನು ನಂಬದೆ ಎರಡು ಸಲ ಹೊರಳಿಸಿ ನೋಡಿದ್ದರು.

ಇಷ್ಟೇ. ಇದು ಅಸಿಂಗವಂತೆ.

ಆ ಒಂಬತ್ತು ವರ್ಷದಲ್ಲಿ ಭಾವ ಸೋಮಸುಂದರಂ ತಿರುಪ್ಪೂರಿನಿಂದ ತಿಂಗಳಿಗೊಮ್ಮೆ ಬರುತ್ತಿದ್ದರು. ಅವರದು ಬನಿಯನ್ ಕಂಪನಿ. ಬಂದಾಗ ಒಂದು ಬುಟ್ಟಿ ಹಣ್ಣು, ಒಂದು ಸ್ಪ್ರೇ ಡಬ್ಬಿ ತರುತ್ತಿದ್ದರು. ಕೋಣೆಯ ಬಾಗಿಲಲ್ಲಿ ನಿಂತು ಕೈ ಚಾಚಿ ಮಲ್ಲಿಗೆಯ ವಾಸನೆ ಹೊಡೆಯುತ್ತಿದ್ದರು. ಅದು ಅತ್ತೆಯ ಮುಖದ ಮೇಲೆ ಬೀಳುತ್ತಿತ್ತು. ಅತ್ತೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು. "ಅಮ್ಮಾ, ಚೆನ್ನಾಗಿದೀಯಾ?" ಎಂದು ಕೇಳಿ, ಉತ್ತರ ಬರುವ ಮೊದಲು ಹಜಾರಕ್ಕೆ ಹೋಗಿ ಕುಳಿತುಬಿಡುತ್ತಿದ್ದರು. ಮಲ್ಲಿಗೆ ಮುಡಿಯುವುದನ್ನು ನಾನು ಬಿಟ್ಟದ್ದು ಆ ಡಬ್ಬಿಯಿಂದಲೇ.

ಗೀಟು ಎಳೆದ ಹಾಳೆಗಳನ್ನು ರಾತ್ರಿಯ ಊಟದ ಹೊತ್ತಿಗೆ ನನ್ನ ಗಂಡನಿಗೆ ತೋರಿಸಿದೆ. ಧರಣಿಗೆ ಕೊಯಮತ್ತೂರಿನ ಒಂದು ಪಂಪ್ ಕಾರ್ಖಾನೆಯಲ್ಲಿ ಮೋಟಾರು ಸುತ್ತುವ ಕೆಲಸ. ಒಳ್ಳೆಯ ಮನುಷ್ಯ. ಅಣ್ಣನ ಮುಂದೆ ಮಾತ್ರ ಬಾಯಿಯೇ ಇಲ್ಲ.

"ಬಿಡು ಮಲ್ಲಿಗಾ. ಒಂದ್ ದಿನದ್ ಫಂಕ್ಷನ್ ತಾನೇ."

"ಪುಸ್ತಕದ್ದು ಹೋಗ್ಲಿ ಬಿಡೀಂಗ. ನಾನ್ ಹೇಳ್ತಿರೋದು ಮಗಳ ಬಗ್ಗೆ."

ಅವರು ತಟ್ಟೆ ಎತ್ತಿಕೊಂಡು ಕೈ ತೊಳೆಯಲು ಹೋದರು.

ಮಗಳ ಸಂಗತಿ ಏನೆಂದರೆ, ಮಾವನ ಹದಿನಾರನೆಯ ದಿನದ ಕಾರ್ಯಕ್ಕೆ ಎಲ್ಲರೂ ಸೇರಿದ್ದಾಗ ಇಲಕ್ಕಿಯಾ ಎಂದಿನಂತೆ ಲೋಟ ಚಮಚ ಹಿಡಿದು ಬೆಲ್ ಹೊಡೆದಳು. ಭಾವನ ಮಗಳು ಅವಳಿಗಿಂತ ಮೂರು ವರ್ಷ ದೊಡ್ಡವಳು. ಇದೇನು ಎಂದು ಕೇಳಿದಳು. ನನ್ನ ಮಗಳು ಹೆಮ್ಮೆಯಿಂದ ಪೀರಿಯಡ್ಡು, ಟೈಂಟೇಬಲ್ಲು, ತಾತ ಒಗೆಯುತ್ತಿದ್ದ ಕಲ್ಲು ಎಲ್ಲವನ್ನೂ ತೋರಿಸಿದಳು. ಭಾವನ ಮಗಳು ಮೂಗು ಮುಚ್ಚಿಕೊಂಡು, "ಛೀ, ಗಂಡಸು ಅವ್ವನ್ದು ತೊಳೀತಿದ್ರಾ? ಅದೇ ಕೈಲಿ ನಿಂಗೆ ತುತ್ತು ಬೇರೆ ಕೊಟ್ರಾ?" ಎಂದು ಕೇಳಿದ್ದಾಳೆ. ಅವ್ವ ಎಂದರೆ ನಮ್ಮ ಮಕ್ಕಳಿಗೆ ಅಜ್ಜಿ. ಪಕ್ಕದಲ್ಲಿದ್ದ ಮೂರು ಮಕ್ಕಳು ನಕ್ಕಿದ್ದಾರೆ. ಮಕ್ಕಳಿಗೆ ಆ ಛೀ ಎಲ್ಲಿಂದ ಬಂತೆಂದು ನನಗೆ ಗೊತ್ತು. ಮಕ್ಕಳ ಮೇಲೆ ನನಗೆ ಸಿಟ್ಟಿಲ್ಲ.

ಆ ದಿನದಿಂದ ಇಲಕ್ಕಿಯಾ ಅವ್ವನ ಕೋಣೆಗೆ ಹೋಗಿಲ್ಲ. ಲೋಟ ಮುಟ್ಟಿಲ್ಲ. ಮಾವ ಹೋದ ಮೇಲೆ ಅತ್ತೆಯನ್ನು ತೊಳೆದು ಹೊರಳಿಸುವುದು ನನ್ನ ಪಾಲಿಗೆ ಬಂದಿತ್ತು, ಬೆಲ್ ಇಲ್ಲದೆ ಅಂದಾಜಿನಲ್ಲಿ ಮಾಡುತ್ತಿದ್ದೆ. ಎರಡು ದಿನ ಬಿಟ್ಟು, ನಾನು ದೋಸೆ ಹುಯ್ಯುತ್ತಿರುವಾಗ ಹಿಂದೆ ಬಂದು ನಿಂತು, "ಅಮ್ಮಾ, ತಾತ ಮಾಡ್ತಿದ್ದುದನ್ನ ನನ್ ಫ್ರೆಂಡ್ಸ್ ಹತ್ರ ಹೇಳ್ಬೇಡ ಆಯ್ತಾ" ಎಂದಳು.

ದೋಸೆ ಸೀದುಹೋಯಿತು. ಹನ್ನೊಂದು ವರ್ಷದ ಹುಡುಗಿ ತಾತನಿಗಾಗಿ ನಾಚಿಕೊಳ್ಳುತ್ತಿದ್ದಳು. ಅವಳಿಗೆ ನಡೆಯಲು, ಓದಲು, ಎರಡು ಭಾಷೆಯಲ್ಲಿ ಲೆಕ್ಕ ಮಾಡಲು ಕಲಿಸಿದ ತಾತನಿಗಾಗಿ. ಗದರಿಸಿ ಹೋಗಲಾಡಿಸುವ ನಾಚಿಕೆ ಅಲ್ಲ ಅದು. ಪುಸ್ತಕದಲ್ಲಿ ಅಚ್ಚಾಗಿ ಬಂದರೆ, ನಾಲ್ಕು ಜನ ಓದಿ ತಲೆದೂಗಿದರೆ, ಅವಳೂ ಮತ್ತೆ ತಲೆಯೆತ್ತುತ್ತಾಳೆ ಎಂದುಕೊಂಡು ಆ ನಾಲ್ಕು ಪುಟ ಬರೆದಿದ್ದೆ. ಅದಕ್ಕೇ ಆ ಕೆಂಪು ಗೀಟು ನನಗೆ ಅಷ್ಟು ಚುಚ್ಚಿದ್ದು. ಮಲರ್ ಅಚ್ಚಾಗಿ ಬಂದಾಗ ನನ್ನ ಹೆಸರಿನ ಕೆಳಗೆ ಒಂದು ಪ್ಯಾರಾ ಮಾತ್ರ ಉಳಿದಿತ್ತು. ಮಾವನಿಗೆ ಕಾಫಿ ಇಷ್ಟ, ಪೇಪರ್ ಓದುತ್ತಿದ್ದರು, ಶಿಸ್ತಿನ ಮನುಷ್ಯ.

ಸಭೆಯ ಹಿಂದಿನ ದಿನ ಫ್ಲೆಕ್ಸ್ ಬಂತು. ಮನೆಯ ಮುಂದೆಯೇ ಶಾಮಿಯಾನ ಹಾಕಿಸಿದ್ದರು. ಕೊಳ್ಳೇಗಾಲದಿಂದ ಸಮಾಜದ ಹಿರಿಯರೊಬ್ಬರು ಬರುತ್ತಾರೆ, ಮೇಲುಗಡೆ ಒಂದು ಸಾಲು ಕನ್ನಡದಲ್ಲಿ ಇರಲಿ, ಗೌರವ ಎಂದು ಭಾವ ಗಾಂಧಿಪುರಂನ ಅಂಗಡಿಯಲ್ಲಿ ಹೇಳಿ ಮಾಡಿಸಿದ್ದರು. ಇಬ್ಬರು ಸೇರಿ ಬಿಚ್ಚಿ ಕಟ್ಟಿದರು. ನಡುವೆ ಮಾವ. ಮಾವನಿಗಿಂತ ಸ್ವಲ್ಪವೇ ಚಿಕ್ಕದಾಗಿ, ಕೈಮುಗಿದುಕೊಂಡು, ಬಿಳಿ ಶರಟಿನಲ್ಲಿ ಭಾವ. ಕೆಳಗೆ ಸಂಘದವರ ಹದಿನಾಲ್ಕು ಮುಖ. ಅತ್ತೆಯ ಮುಖ ಎಲ್ಲೂ ಇಲ್ಲ. ಮೇಲುಗಡೆ ಒಂದೊಂದು ಅಡಿ ಎತ್ತರದ ಕನ್ನಡ ಅಕ್ಷರ.

ನಮ್ಮ ಕುರು ವೆಂಕಟಾಚಲಂ.

ನಾನು ಕಣ್ಣುಜ್ಜಿಕೊಂಡು ಮತ್ತೆ ಓದಿದೆ. ಕುರುವೇ. ಆಗಿರುವುದು ಏನೆಂದು ತಕ್ಷಣ ಹೊಳೆಯಿತು. ಭಾವ 'ನಮ್ಮ ಗುರು' ಎಂಬುದನ್ನು ತಮಿಳಿನ ಅಕ್ಷರದಲ್ಲಿ ಬರೆದುಕೊಟ್ಟಿದ್ದಾರೆ. ತಮಿಳಿನಲ್ಲಿ ಕ ಮತ್ತು ಗ ಎರಡಕ್ಕೂ ಒಂದೇ ಅಕ್ಷರ. ಅಂಗಡಿಯವರು ಕಂಪ್ಯೂಟರಿನಲ್ಲಿ ಆ ಅಕ್ಷರಕ್ಕೆ ಸರಿಯಾಗಿ ಕನ್ನಡದ ಕ ಹಾಕಿದ್ದಾರೆ. ಬೀದಿಯಲ್ಲಿ ಓದಬಲ್ಲವರು ಯಾರೂ ಇಲ್ಲ. ಎಲ್ಲರೂ ತಲೆಯೆತ್ತಿ ನೋಡಿ, "ಅಡಡಾ, ಕನ್ನಡದಲ್ಲೇ ಹಾಕ್ಸಿದಾರೆ" ಎನ್ನುತ್ತಿದ್ದರು. ಊರ ಮುಂದೆ ಮಾವನನ್ನು ನಮ್ಮ ಕೀವುಗುಳ್ಳೆ ಎಂದು ಬರೆದು ಕಟ್ಟಿತ್ತು.

ಹೇಳಬೇಕೆಂದೇ ಒಳಗೆ ಹೋದೆ. ಇನ್ನೂ ಸಮಯವಿತ್ತು, ಒಂದು ಅಕ್ಷರದ ಮೇಲೆ ಕಾಗದ ಅಂಟಿಸಿದರೂ ಸಾಕಿತ್ತು. ಭಾವ, ಅವರ ಹೆಂಡತಿ ಜಯಪ್ರಿಯಾ ಇಬ್ಬರೂ ಅತ್ತೆಯ ಕೋಣೆಯ ಮುಂದೆ ನಿಂತು ಮಾತಾಡುತ್ತಿದ್ದರು.

"ನಾಳೆ ಜನ ಒಳಗೂ ಬರ್ತಾರೆ," ಎಂದರು ಅಕ್ಕ. "ಕದ ಮುಚ್ಚಿ ಬೀಗ ಹಾಕ್ಬಿಡೋಣ. ಒಳಗಡೆ ನಾಲ್ಕ್ ಊದುಬತ್ತಿ ಹಚ್ಚಿದ್ರೆ ಆಯ್ತು."

"ಬೀಗ ಯಾಕಕ್ಕ?" ಎಂದೆ.

"ಯಾರಾದ್ರೂ ಇಣುಕಿ ನೋಡಿದ್ರೆ? ವಾಸನೆ ಹಜಾರಕ್ಕೆ ಬರತ್ತೆ ಮಲ್ಲಿಗಾ, ನಿಂಗೆ ಪಳಗಿಬಿಟ್ಟಿದೆ, ಗೊತ್ತಾಗಲ್ಲ. ಗೋಡೆ ಕಡೆ ತಿರುಗಿಸಿ ಮಲಗಿಸ್ಬಿಡು. ಬಾಯಿ ಸೊಟ್ಟಗಿರೋದು ನೋಡಕ್ಕಾಗಲ್ಲ."

"ಗೋಡೆ ಕಡೆ ಅಂದ್ರೆ ಬಲಗಡೆ. ಆ ಕಡೆ ಹೆಚ್ಚೊತ್ತು ಮಲಗಿಸ್ಬಾರ್ದು. ಮಾವ ಅರ್ಧ ಪೀರಿಯಡ್ ಮಾತ್ರ…"

"ಒಂದ್ ದಿನ," ಎಂದರು ಭಾವ. ಕರ್ಚೀಫು ಮೂಗಿನ ಮೇಲಿತ್ತು, ಮಾತು ಅದರೊಳಗಿಂದ ಬಂತು. "ಅಪ್ಪನ ಹೆಸ್ರು ಕೆಡಬಾರ್ದು, ಅಷ್ಟೇ. ಏನೋ ಹೇಳಕ್ ಬಂದೆ?"

ಒಳಗಿನಿಂದ ಅತ್ತೆ "ಏನುಂಗ" ಎಂದರು. ಯಾರೂ ತಿರುಗಲಿಲ್ಲ.

"ಏನಿಲ್ಲ ಭಾವ," ಎಂದೆ.

ತಾಳ್ಮೆಯವಳು ಎಂದು ನನಗೆ ಹೆಸರು. ಆ ಹೊತ್ತು ನಾನು ತಾಳಿಕೊಂಡದ್ದು ತಾಳ್ಮೆಯಿಂದ ಅಲ್ಲ. ಆ ಮನುಷ್ಯ ನಾಳೆ ಆ ಅಕ್ಷರಗಳ ಕೆಳಗೆ ಕೈಮುಗಿದು ನಿಲ್ಲಲಿ ಎನ್ನಿಸಿತು. ಅನ್ನಿಸಿದ ಮರುಗಳಿಗೆಯೇ ನನ್ನ ಬಗ್ಗೆ ನನಗೇ ಹೇಸಿಗೆಯಾಯಿತು, ಏಕೆಂದರೆ ಆ ಅಕ್ಷರಗಳ ಪಕ್ಕ ಇದ್ದದ್ದು ಮಾವನ ಹೆಸರು.

ಮರುದಿನ ಬೆಳಿಗ್ಗೆ ಅಂಗಳಕ್ಕೆ ನೀರು ಹಾಕಲು ಹೋದಾಗ ಫ್ಲೆಕ್ಸಿನ ಕೆಳಗೆ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ತಲೆಯೆತ್ತಿ ನೋಡಿದೆ. ಕು ಅಕ್ಷರದ ಪಕ್ಕ ಸ್ಕೆಚ್ ಪೆನ್ನಿನಿಂದ ಇಟ್ಟ ಒಂದು ಸಣ್ಣ ಚುಕ್ಕಿ. ಗೊತ್ತಿಲ್ಲದವರಿಗೆ ನೊಣ ಕೂತಂತೆ ಕಾಣಬೇಕು. ನಾನು ನುಂಗಿಕೊಂಡು ಬಂದದ್ದನ್ನು ನನ್ನ ಮಗಳು ಕುರ್ಚಿ ಹತ್ತಿ ಹೇಳಿದ್ದಳು, ತಾತ ಹೇಳುವ ಹಾಗೆಯೇ. ಅವಳು ತಾತನನ್ನು ಪೂರ್ತಿ ಬಿಟ್ಟುಕೊಟ್ಟಿಲ್ಲ ಎಂದು ಆಗ ಒಂದಿಷ್ಟು ಜೀವ ಬಂತು. ಆದರೆ ಮುಖ ತೊಳೆದುಕೊಂಡು ಬಂದ ಇಲಕ್ಕಿಯಾ ಅವ್ವನ ಕೋಣೆಯ ಬೀಗ ನೋಡಿ, ಏನೂ ಕೇಳದೆ, ಬದಿಯಿಂದ ಹಾದುಹೋದಳು.

ಅತ್ತೆಯನ್ನು ಗೋಡೆ ಕಡೆ ತಿರುಗಿಸಿದ್ದು ಜಯಪ್ರಿಯಕ್ಕ, ಕೈಗೆ ಪಾಲಿಥೀನ್ ಚೀಲ ಹಾಕಿಕೊಂಡು. ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. ಹತ್ತು ಗಂಟೆಗೆ ಶುರು, ಹನ್ನೊಂದಕ್ಕೆ ಮುಗಿಯುತ್ತದೆ ಎಂದರು. ಹನ್ನೊಂದಕ್ಕೆ ಇನ್ನೂ ಸಂಘದವರಿಗೆ ಶಾಲು ಹೊದಿಸುತ್ತಿದ್ದರು.

ಕೊಳ್ಳೇಗಾಲದ ಹಿರಿಯರು ಬಂದು, ಫ್ಲೆಕ್ಸ್ ಕಡೆ ನೋಡಿದರು. ಕನ್ನಡಕ ತೆಗೆದು ಪಂಚೆಯಂಚಿನಲ್ಲಿ ಒರೆಸಿಕೊಂಡು ಮತ್ತೆ ನೋಡಿದರು. ಆಮೇಲೆ ಕೂತಷ್ಟು ಹೊತ್ತೂ ಆ ಕಡೆ ತಿರುಗಲೇ ಇಲ್ಲ.

ಭಾವ ಮಾತಾಡಿದರು. "ನಮ್ಮಪ್ಪ ರಾಜನ ಹಾಗೆ ಬಾಳಿದೋರು. ಮನೇಲಿ ಒಂದ್ ಲೋಟ ಎತ್ತಿ ಇಟ್ಟೋರಲ್ಲ. ನಮ್ಮಮ್ಮನ್ನ ನಾವೆಲ್ಲಾ ಪೂವಿನ ಹಾಗೆ ನೋಡ್ಕೊಂಡ್ವಿ, ಇವತ್ತೂ ಹಾಗೇ ನೋಡ್ಕೋತಿದೀವಿ." ಅಲ್ಲಿ ದನಿ ಒಡೆಯಿತು. ನಿಜವಾದ ಕಣ್ಣೀರೇ ಬಂತು. ಅದೇ ಕರ್ಚೀಫಿನಿಂದ ಒರೆಸಿಕೊಂಡರು. ಹೆಂಗಸರು ಪಾವಂ ಪಾವಂ ಎಂದು ಮರುಗಿದರು. ನನ್ನ ಪಕ್ಕದಲ್ಲಿ ಕೂತಿದ್ದ ಇಲಕ್ಕಿಯಾ ನನ್ನ ಮುಖ ನೋಡಿದಳು. ಒಂದು ಲೋಟ ಎತ್ತಿ ಇಟ್ಟವರಲ್ಲ ಎಂಬಲ್ಲಿ ಅವಳ ಹುಬ್ಬು ಗಂಟಾದದ್ದನ್ನು ನಾನು ಕಂಡೆ. ಅದು ಸುಳ್ಳು ಎಂದು ಹೇಳಲು ಬಾಯಿ ತೆರೆದೆ. ಧರಣಿ ನನ್ನ ಮೊಣಕೈ ಮುಟ್ಟಿದರು. ಮುಚ್ಚಿಕೊಂಡೆ.

ಭಾವ ಇಳಿದು ಅತಿಥಿಗೆ ಹಾರ ತರಲು ಹೋದಾಗ, ಹಿಂದಿನ ಸಾಲಿನಿಂದ ಒಬ್ಬರು ಎದ್ದು ಬಂದು ಮೈಕ್ ಹಿಡಿದರು. ಖಾಕಿ ಶರಟು, ಐವತ್ತು ದಾಟಿದ ಗಂಡಸು. ಪೊಳ್ಳಾಚಿ ಬಸ್ಸಿನ ಡ್ರೈವರ್ ಪಳನಿಸಾಮಿ. ಮಾವ ಬದುಕಿದ್ದಾಗ ನಮ್ಮ ಬೀದಿಯ ತುದಿಯಲ್ಲಿ ಬಸ್ಸು ನಿಧಾನಿಸಿ ಎರಡು ಸಲ ಹಾರ್ನ್ ಮಾಡಿ ಹೋಗುತ್ತಿದ್ದವರು. ಅವರ ಮಾತು ತಮಿಳು.

"ನನಗೆ ಮಾತಾಡಿ ಅಭ್ಯಾಸ ಇಲ್ಲ. ಡ್ಯೂಟಿಗೆ ಹೊತ್ತಾಯಿತು, ಒಂದು ಮಾತು ಹೇಳಿ ಹೋಗುತ್ತೇನೆ," ಎಂದರು. "ಒಂದನೇ ಕ್ಲಾಸಿನಲ್ಲಿ ನನಗೆ ಭೇದಿ. ಕೇಳಲು ಹೆದರಿಕೆ. ಚಡ್ಡಿಯಲ್ಲೇ ಮಾಡಿಕೊಂಡೆ. ಕಾಲಿನಲ್ಲಿ ಇಳಿದು ಬೆಂಚಿನ ಕೆಳಗೆ ಹರಿಯಿತು."

ಕೆಲವರು ನಕ್ಕರು. ಒಬ್ಬರು "ಊಟದ ಹೊತ್ತಲ್ಲಿ ಬೇಕಾ ಇದು" ಎಂದರು.

"ಆವತ್ತೂ ಹೀಗೇ ನಕ್ಕರು. ವಾದ್ಯಾರ್ ನಗುವವರಿಗೆ ಎರಡನೇ ಮಗ್ಗಿ ಬರೆಯಲು ಹೇಳಿ, ನನ್ನ ಕೈ ಹಿಡಿದು ನಲ್ಲಿಗೆ ಕರೆದುಕೊಂಡು ಹೋದರು. ತೊಳೆದರು. ಚಡ್ಡಿಯನ್ನೂ ಅವರೇ ಕುಸುಬಿ ಬೇಲಿಗೆ ಹಾಕಿದರು. ಒಣಗುವತನಕ ಅವರ ಟವಲು ಉಟ್ಟುಕೊಂಡು ಕೂತಿದ್ದೆ. ಒಂದು ಮಾತು ಬೈಯಲಿಲ್ಲ. ನನ್ನಪ್ಪ ಕೂಡ ನನ್ನನ್ನು ಹಾಗೆ ತೊಳೆದದ್ದಿಲ್ಲ. ಹೋದ ವರ್ಷ ನನ್ನಪ್ಪ ಹಾಸಿಗೆ ಹಿಡಿದ. ಹೆಂಡತಿ ಆಗಲ್ಲ ಎಂದಳು. ನಾನು ತೊಳೆದೆ. ಹೇಗೆ ತೊಳೆಯಬೇಕು ಎಂದು ಈ ಮನೆಗೇ ಬಂದು ಕೇಳಿದೆ. ವಾದ್ಯಾರ್ ಜಾನಕಿಯಮ್ಮನಿಗೆ ಮಾಡುತ್ತಿದ್ದರು, ನಿಲ್ಲಿಸದೆ, ನೋಡು ಹೀಗೆ ಎಂದು ಹೇಳಿಕೊಟ್ಟರು. ಅದೇ ನನ್ನ ಕೊನೆಯ ಪಾಠ." ಮಾವನ ಫೋಟೋಗೆ ಕೈಮುಗಿದರು. "ಅಷ್ಟೇ. ವಣಕ್ಕಂ."

ಭಾವ ಓಡಿಬಂದು ಮೈಕ್ ತೆಗೆದುಕೊಂಡು ನಕ್ಕು, "ಡ್ರೈವರಣ್ಣಂಗೆ ಸ್ವಲ್ಪ ಸೆಂಟಿಮೆಂಟು ಜಾಸ್ತಿ ಆಯ್ತು" ಎಂದರು. ಪಳನಿಸಾಮಿ ಚಪ್ಪಲಿ ಹಾಕಿಕೊಂಡು ಹೊರಟುಹೋದರು. ಅವರ ನಡಿಗೆಯಲ್ಲಿ ನಾಚಿಕೆಯ ಗುರುತೇ ಇರಲಿಲ್ಲ. ಇಲಕ್ಕಿಯಾ ಕತ್ತು ತಿರುಗಿಸಿ, ಅವರು ಬೀದಿಯ ಮೂಲೆ ದಾಟುವತನಕ ನೋಡುತ್ತಿದ್ದಳು.

ಊಟದಲ್ಲಿ ನಾನು ರಸಂ ಬಡಿಸುತ್ತಾ ಬಂದಾಗ ಕೊಳ್ಳೇಗಾಲದ ಹಿರಿಯರು ಮೆಲ್ಲನೆ ಕೇಳಿದರು.

"ಈ ಮನೇಲಿ ಕನ್ನಡ ಓದೋರು ಯಾರಮ್ಮ?"

"ನಾನು, ನನ್ ಮಗಳು. ಮಾವ ಕಲಿಸಿದ್ದು."

"ಹಾಗಾದ್ರೆ ಮೇಲೆ ಏನ್ ಬರ್ದಿದೆ ಅಂತ ನಿಮಗೆ ಗೊತ್ತಿತ್ತು."

"ಗೊತ್ತಿತ್ತು."

ಅವರು ಎಲೆಯಲ್ಲಿ ಅನ್ನಕ್ಕೆ ಗುಳಿ ಮಾಡುತ್ತಾ, "ಆ ಚುಕ್ಕಿ ಇಟ್ಟಿದ್ದು?" ಎಂದರು.

"ಅವಳು."

"ರಸಂ ಹಾಕಮ್ಮ," ಎಂದರು. ನಾನು ಬಡಿಸಿ ಮುಂದೆ ಹೋದೆ, ಕೆನ್ನೆ ಬಿಸಿಯಾಗಿತ್ತು.

ಜಯಪ್ರಿಯಕ್ಕನಿಂದ ಬೀಗದ ಕೈ ಸಿಕ್ಕಿದಾಗ ಮೂರೂವರೆ. ಬೆಳಿಗ್ಗೆಯಿಂದ ಎರಡು ಸಲ ಕೇಳಿದ್ದೆ, ಎರಡು ಸಲವೂ ಯಾರಾದರೂ ಹಜಾರದಲ್ಲಿ ಕುಳಿತಿದ್ದರು. ಕದ ತೆರೆದರೆ ಊದುಬತ್ತಿಯ ಹೊಗೆ, ಅದರ ಕೆಳಗೆ ಒದ್ದೆಯ ವಾಸನೆ. ಅತ್ತೆ ಗೋಡೆಗೆ ಮೂಗು ತಾಗಿಸಿಕೊಂಡು ಬಲಗಡೆಗೇ ಮಲಗಿದ್ದರು. ಸೀರೆಯಿಂದ ತಲೆದಿಂಬಿನತನಕ ನೆನೆದಿತ್ತು. ಎಷ್ಟು ಸಲ ಏನುಂಗ ಎಂದಿದ್ದರೋ, ಮೈಕಿನ ಸದ್ದಿನಲ್ಲಿ ಯಾರಿಗೂ ಕೇಳಿರಲಿಲ್ಲ. ಗಂಟಲು ಒಣಗಿ ಈಗ ತುಟಿ ಮಾತ್ರ ಆಡುತ್ತಿತ್ತು.

ಬಟ್ಟೆ ಸರಿಸಿ ನೋಡಿದೆ. ಬಲ ಸೊಂಟದ ಮೂಳೆಯ ಮೇಲೆ ಎಂಟಾಣೆ ಅಗಲಕ್ಕೆ ಕೆಂಪಗೆ ಎದ್ದಿತ್ತು. ನಡುವೆ ಚರ್ಮ ನೀರು ತುಂಬಿಕೊಂಡು ಹೊಳೆಯುತ್ತಿತ್ತು.

ಒಂಬತ್ತು ವರ್ಷ ಇಲ್ಲದ್ದು. ಹಜಾರದಲ್ಲಿ ಭಾವ ಉಳಿದ ಜಹಾಂಗೀರನ್ನು ಡಬ್ಬಿಗೆ ತುಂಬಿಕೊಳ್ಳುತ್ತಾ, ಫಂಕ್ಷನ್ ಚೆನ್ನಾಗಾಯಿತು ಎಂದು ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು. ಆ ಮಾತು, ಆ ಸಕ್ಕರೆ ಪಾಕದ ವಾಸನೆ, ಈ ಊದುಬತ್ತಿ, ಎಲ್ಲದರ ಮೇಲೂ ನನಗೆ ಹೇಸಿಗೆ ಹುಟ್ಟಿತು. ಹಾಸಿಗೆಯ ಮೇಲೆ ಹುಟ್ಟಿದ್ದಲ್ಲ ಅದು. ನನ್ನ ಮೇಲೂ ಹುಟ್ಟಿತು, ಎರಡು ದಿನ ಬಾಯಿ ಮುಚ್ಚಿಕೊಂಡಿದ್ದಕ್ಕೆ.

ಎದ್ದು ಹಜಾರಕ್ಕೆ ಹೋದೆ.

"ಭಾವ, ಬನ್ನಿ. ಅಮ್ಮನ ಸೊಂಟದಲ್ಲಿ ಏನಾಗಿದೆ ನೋಡಿ."

"ಈಗಾ? ಹೊರಡ್ತಿದೀವಿ ಅಮ್ಮಿಣಿ. ನಾಳೆ ನರ್ಸಮ್ಮಂಗೆ ಹೇಳು."

"ಸರಿ. ಇನ್ಮೇಲೆ ಈ ಮನೇಲಿ ಈ ಕೋಣೆಗೆ ಬೀಗ ಹಾಕೋದಿದ್ರೆ ನೀವ್ ಬರ್ಬೇಡಿ. ಆಮೇಲೆ, ಫ್ಲೆಕ್ಸ್‌ನಲ್ಲಿ ಗುರು ಅಂತ ಇಲ್ಲ. ಕುರು ಅಂತ ಇದೆ. ಕೀವು ತುಂಬಿರತ್ತಲ್ಲ, ಅದು. ನೆನ್ನೇನೇ ನಂಗೆ ಗೊತ್ತಿತ್ತು. ಹೇಳ್ದೇ ಇದ್ದದ್ದು ನನ್ ತಪ್ಪು."

ಭಾವ ಧರಣಿಯ ಕಡೆ ನೋಡಿದರು. ಧರಣಿ ಏಣಿ ಎತ್ತಿಕೊಂಡು ಫ್ಲೆಕ್ಸ್ ಬಿಚ್ಚಲು ಹೊರಗೆ ಹೋದರು. ಕಾರು ಹೊರಟ ಸದ್ದು ಕೇಳಿದಾಗ ನಾನು ಬಿಸಿನೀರು ಹಿಡಿದು ಕೋಣೆಯಲ್ಲಿದ್ದೆ.

ಒರೆಸಿದ್ದಾಯಿತು. ಹಾಸಿಗೆಯ ಮೇಲೆ ಹಾಸುವ ರಬ್ಬರ್ ಹಾಳೆ ನೆನೆದು ಹೊರಗೆ ಹೋಗಿತ್ತು, ಇನ್ನೊಂದಿಲ್ಲ. ಏನು ಹಾಸುವುದೆಂದು ನಿಂತಿದ್ದೆ. ಬಾಗಿಲಲ್ಲಿ ಸರಸರ ಸದ್ದಾಯಿತು. ಇಲಕ್ಕಿಯಾ ಫ್ಲೆಕ್ಸನ್ನು ಸುತ್ತಿ ಹೆಗಲ ಮೇಲೆ ಹೊತ್ತು ನಿಂತಿದ್ದಳು.

"ಅಮ್ಮಾ, ಇದ್ರಲ್ಲಿ ನೀರು ಇಳಿಯಲ್ಲ."

"ತಾತನ ಫೋಟೋ ಇದೆಯಲ್ಲೇ ಅದ್ರಲ್ಲಿ."

"ತಾತನ್ನ ಆಗ್ಲೇ ಕತ್ತರಿಸಿ ತೆಗ್ದೆ. ಹೆಸರೂ ತೆಗ್ದೆ. ದೊಡ್ಡಪ್ಪ ಇದಾರೆ, ಸಂಘದೋರಿದಾರೆ, ಕುರು ಇದೆ."

ನಾನು ಬೇಡವೆನ್ನಬೇಕಿತ್ತು. ಎರಡು ಮಡಿಕೆ ಮಾಡಿ ಹಾಸಿದೆ. ಮೇಲೆ ಒಗೆದ ಹಳೇ ಸೀರೆ ಹಾಕಿದೆ. ಇಲಕ್ಕಿಯಾ ಅವ್ವನ ಸೊಂಟದ ಕೆಂಪನ್ನು ನೋಡಿದಳು. ಮೂಗು ಮುಚ್ಚಿಕೊಳ್ಳಲಿಲ್ಲ. ತುಟಿ ಮಾತ್ರ ಕಚ್ಚಿಕೊಂಡಳು.

"ತಾತ ಇದ್ದಾಗ ಇದು ಇರ್ಲಿಲ್ಲ."

"ಇರ್ಲಿಲ್ಲ."

"ನಾನ್ ಬೆಲ್ ಹೊಡೀಲಿಲ್ಲ, ಅದಕ್ಕೆ."

"ಅಲ್ಲ ನನ್ ಕಣ್ಣು. ಬೀಗ ಹಾಕಿತ್ತು. ಅದು ದೊಡ್ಡವರ ತಪ್ಪು, ನಂದೂ ಸೇರಿ."

ಅವಳು ನಂಬಿದಂತೆ ಕಾಣಲಿಲ್ಲ. ನಾನು ಅತ್ತೆಯ ಕಂಕುಳಿಗೆ ಕೈಹಾಕಿ ಬೆನ್ನಿನ ಮೇಲೆ ಹೊರಳಿಸಲು ಹೋದೆ.

"ಅಮ್ಮಾ, ಹಾಗಲ್ಲ. ಬಲಗಡೆ ಆದ್ಮೇಲೆ ಎಡಗಡೆ. ಬೀರುನಲ್ಲಿದೆ ನೋಡು. ಮೊದ್ಲು ಮೊಣಕಾಲು ಮಡಿಸ್ಬೇಕು, ಆಮೇಲೆ ಸೊಂಟ. ಇರು, ನಾನ್ ಹಿಡ್ಕೋತೀನಿ."

ಮೊಣಕಾಲು ಮಡಿಸಿ ಇ‌ಬ್ಬರೂ ಸೇರಿ ಎಡಕ್ಕೆ ಹೊರಳಿಸಿದೆವು. ಅತ್ತೆಯ ಮುಖ ಗೋಡೆಯಿಂದ ನಮ್ಮ ಕಡೆ ಬಂತು. ಚಮಚದಲ್ಲಿ ನೀರು ಕೊಟ್ಟೆ. ಎರಡು ಗುಟುಕು ಇಳಿದ ಮೇಲೆ ದನಿ ಬಂತು.

"ಏನುಂಗ."

ನನಗೆ ಅದು ಯಾವ ಏನುಂಗ ಎಂದು ತಿಳಿಯಲಿಲ್ಲ. ಇಲಕ್ಕಿಯಾ ಅವ್ವನ ಮುಖವನ್ನೇ ನೋಡಿ, "ಫ್ಯಾನು" ಎಂದು ಹೇಳಿ ಎದ್ದು ಸ್ವಿಚ್ ಹಾಕಿದಳು. ಆಮೇಲೆ ಕೆಂಪು ಸೋಪು ತೆಗೆದುಕೊಂಡು ಹಿತ್ತಲಿಗೆ ಹೋಗಿ ಕೈ ತೊಳೆದು, ಬರುವಾಗ ಅಡುಗೆಮನೆಯಿಂದ ಸ್ಟೀಲ್ ಲೋಟ ತಂದಳು. ಅದರೊಳಗೆ ಚಮಚವಿತ್ತು. ಗಡಿಯಾರ ನೋಡಿದಳು.

ಹೊರಗೆ ಶಾಮಿಯಾನದವರು ಕಂಬ ಕೀಳುತ್ತಿದ್ದರು. ಆ ಗದ್ದಲದ ನಡುವೆಯೂ ಬೀದಿಗೆ ಕೇಳುವಷ್ಟು ಜೋರಾಗಿ ಅವಳು ಬೆಲ್ ಹೊಡೆದಳು.